ಚುಟ್ಟಿ ಅಳಿಸದ ಫೋಟೋಪೀ

ಯಕ್ಷಗಾನ ಬಯಲಾಟದ ಫೋಟೋ ತೆಗೆಯುವುದು ನನಗೆ ತುಂಬಾ ಹಳೆಯ ಹುಚ್ಚು. ಪುತ್ತೂರಿನ ಆಚೀಚೆ ಎಲ್ಲಿ ಆಟ ಇದ್ದರೂ ಶಾಲೆ ಮುಗಿಸಿ ಕ್ಯಾಮೆರಾ ಹಿಡಿದು ಹೊರಡುತ್ತೇನೆ.

ಕಳೆದ ವರ್ಷ ಮಹಿಷಾಸುರನ ಒಂದು ಒಳ್ಳೆಯ ಫೋಟೋ ಸಿಕ್ಕಿತ್ತು. ಸ್ವಲ್ಪ ಸರಿ ಮಾಡೋಣ ಅಂತ ಮೊಬೈಲಿನ ಒಂದು ಉಚಿತ ಆಪ್‌ಗೆ ಹಾಕಿದೆ. ಅದು ಮುಖವನ್ನು ನುಣುಪು ಮಾಡಿ ಚುಟ್ಟಿಯನ್ನೇ, ಅಂದರೆ ಬಣ್ಣದ ವೇಷದ ಮುಖದ ಮೇಲಿನ ಬಿಳಿ ಮುಳ್ಳುಗಳನ್ನೇ ಅಳಿಸಿಬಿಟ್ಟಿತು! ಅಕ್ಕಿ ಹಿಟ್ಟು, ಸುಣ್ಣ ಕಲಸಿ, ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಗಂಟೆಗಟ್ಟಲೆ ಕೂತು ಒಂದೊಂದೇ ಮುಳ್ಳು ಇಟ್ಟ ಮುಖ ಅದು. ನನಗೆ ಅಳುವೇ ಬಂದಂತಾಯಿತು.

ಅವತ್ತಿನಿಂದ ಫೋಟೋಪೀ ಎಂಬ ಫೋಟೋ ತಿದ್ದುವ ವೆಬ್‌ಸೈಟ್ ಬಳಸುತ್ತಿದ್ದೇನೆ. ಇವಾನ್ ಕುಟ್ಸ್‌ಕಿರ್ ಎಂಬುವರು 2013ರಲ್ಲಿ ಶುರು ಮಾಡಿದ್ದು. ಇನ್‌ಸ್ಟಾಲ್ ಮಾಡುವುದು, ದುಡ್ಡು ಕೊಡುವುದು ಏನೂ ಇಲ್ಲ, ಬ್ರೌಸರ್‌ನಲ್ಲಿ ತೆರೆದರೆ ಆಯಿತು. ಫೋಟೋ ನಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಅವರ ಸರ್ವರ್‌ಗೆ ಹೋಗುವುದಿಲ್ಲ. ಒಮ್ಮೆ ಪೂರ್ತಿ ತೆರೆದುಕೊಂಡ ಮೇಲೆ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಈಗಿನ ಆಟಗಳಲ್ಲಿ ದೊಡ್ಡ ತೊಂದರೆ ಎಂದರೆ ನೀಲಿ ಎಲ್‌ಇಡಿ ಲೈಟು. ಬಿಳಿ ಚುಟ್ಟಿ ನೀಲಿಯಾಗಿ ಕಾಣುತ್ತದೆ. ನಾನು ಫೋಟೋದ ಮೇಲೊಂದು ಕಲರ್ ಬ್ಯಾಲೆನ್ಸ್ ಲೇಯರ್, ಅಂದರೆ ಬಣ್ಣ ಹೊಂದಿಸುವ ಪದರ ಹಾಕುತ್ತೇನೆ. ನೀಲಿಯಿಂದ ಹಳದಿ ಕಡೆಗೆ ನಿಧಾನ ಎಳೆಯಬೇಕು, ಕಣ್ಣು ಮಾತ್ರ ಚುಟ್ಟಿಯ ಮೇಲೇ ಇರಬೇಕು. ಅದು ಬೆಳ್ಳಗಾದಾಗ ನಿಲ್ಲಿಸುವುದು. ಅಷ್ಟರಲ್ಲಿ ಕಿರೀಟದ ಬಣ್ಣ ಜಾಸ್ತಿ ಆಗಿರುತ್ತದೆ. ಆ ಲೇಯರ್‌ನ ಮಾಸ್ಕ್‌ನಲ್ಲಿ (ಲೇಯರ್ ಎಲ್ಲಿ ಕೆಲಸ ಮಾಡಬೇಕು ಎಂದು ಗುರುತಿಸುವ ಭಾಗ) ಕಪ್ಪು ಬ್ರಶ್ ಹಿಡಿದು ಕಿರೀಟದ ಮೇಲೆ ತಿಕ್ಕಿದರೆ ಅಲ್ಲಿ ಮೊದಲಿನ ಬಣ್ಣ ವಾಪಸ್ ಬರುತ್ತದೆ. ಎಲ್ಲಿ ಎಷ್ಟು ಬೇಕು ಎಂಬುದು ನಮ್ಮ ಕೈಯಲ್ಲೇ ಇರುತ್ತದೆ, ಅದೇ ನನಗೆ ಇಷ್ಟ. ಹಿಂದೆ ನೇತಾಡುವ ಮೈಕಿನ ವಯರನ್ನು ಸ್ಪಾಟ್ ಹೀಲಿಂಗ್ ಬ್ರಶ್‌ನಿಂದ ತೆಗೆಯುತ್ತೇನೆ. ವೇಷಕ್ಕೆ ತಾಗಿದ ವಯರನ್ನು ಸುಮ್ನೆ ಬಿಟ್ಟುಬಿಡುತ್ತೇನೆ.

ಪ್ರೆಸ್‌ನವರು ಕೊಡುವ ಹ್ಯಾಂಡ್‌ಬಿಲ್‌ನ ಪಿಎಸ್‌ಡಿ (ಫೋಟೋಶಾಪ್) ಫೈಲೂ ಇದರಲ್ಲಿ ತೆರೆಯುತ್ತದೆ. ಫೋಟೋದ ಫೈಲ್ ಸಣ್ಣದು ಮಾಡಲು ಮಾತ್ರ ಸ್ಕ್ವೂಷ್ ಎಂಬ ಇನ್ನೊಂದು ವೆಬ್‌ಸೈಟ್ ಇನ್ನೂ ಸುಲಭ. ನಡುವೆ ಒಂದು ಗೆರೆ ಇರುತ್ತದೆ, ಅದನ್ನು ಆಚೀಚೆ ಎಳೆದು ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ನೋಡಬಹುದು.

ಫೋಟೋಪೀಯಲ್ಲಿ ಕೊರತೆಯೂ ಇದೆ. ಬದಿಯಲ್ಲಿ ಜಾಹೀರಾತು ಬರುತ್ತಲೇ ಇರುತ್ತದೆ. ನನ್ನದು 4 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್, ಲೇಯರ್ ಹೆಚ್ಚಾದರೆ ಎಳೆಯುತ್ತದೆ. ಮೊಬೈಲಿನಲ್ಲಿ ಬಟನ್‌ಗಳು ತೀರಾ ಸಣ್ಣ. ಸೇವ್ ಮಾಡದೆ ಟ್ಯಾಬ್ ಮುಚ್ಚಿ ಒಂದು ಸಂಜೆಯ ಕೆಲಸ ಕಳೆದುಕೊಂಡಿದ್ದೇನೆ. ಹಾಗಾಗಿ ಆಗಾಗ ಪಿಎಸ್‌ಡಿಯಾಗಿ ಉಳಿಸಿಕೊಳ್ಳಿ.

ಅದೇ ಮಹಿಷಾಸುರನ ಫೋಟೋವನ್ನು ಫೋಟೋಪೀಯಲ್ಲಿ ಮೊದಲಿಂದ ಸರಿ ಮಾಡಿ, ಪ್ರಿಂಟ್ ಹಾಕಿಸಿ ವೇಷಧಾರಿಗೆ ಕೊಟ್ಟೆ. ಅವರು ಚೌಕಿಯ ದೀಪದ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಕೆನ್ನೆಯ ಮೇಲೆ ಬೆರಳಿಟ್ಟು, "ಮಾಷ್ಟ್ರೇ, ಇಲ್ಲಿ ಎರಡು ಮುಳ್ಳು ಉದುರಿದೆ ನೋಡಿ" ಎಂದರು.