ಓವರ್‌ಕ್ಲಾಕ್ ಗಣಕಕ್ಕೆ ನಾಕ್ಟುವಾ ಎನ್‌ಎಚ್-ಡಿ15 ಕೂಲರ್

ಓವರ್‌ಕ್ಲಾಕಿಂಗ್‌ನಲ್ಲಿ, ಅಂದರೆ ಪ್ರೊಸೆಸರನ್ನು ಅದರ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವಾಗ, ವೇಗಕ್ಕಿಂತಲೂ ವೋಲ್ಟೇಜೇ ಅದನ್ನು ಹೆಚ್ಚು ಕಾಯಿಸುತ್ತದೆ. ವಿದ್ಯುತ್ ಬಳಕೆಯು ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ಬೆಳೆಯುವುದರಿಂದ, ವೋಲ್ಟೇಜನ್ನು ಶೇ. 10ರಷ್ಟು ಏರಿಸಿದರೆ ಅದೇ ವೇಗದಲ್ಲೂ ಸುಮಾರು ಶೇ. 21ರಷ್ಟು ಹೆಚ್ಚು ಶಾಖವನ್ನು ಹೊರಹಾಕಬೇಕಾಗುತ್ತದೆ. ಆರು ಹೀಟ್‌ಪೈಪ್‌ಗಳು (ಶಾಖ ಸಾಗಿಸುವ ಕೊಳವೆಗಳು), ಲೋಹದ ರೆಕ್ಕೆಗಳ ಜೋಡಿ ಗೋಪುರ ಹಾಗೂ 140 ಮಿ.ಮೀ.ನ ಎರಡು ಫ್ಯಾನ್‌ಗಳಿರುವ ಈ ಕೂಲರ್ ಆ ಹೊರೆಯನ್ನು ಹೆಚ್ಚು ಸದ್ದಿಲ್ಲದೆ ಹೊರುತ್ತದೆ. ಇದು ಗಾಳಿಯಿಂದ ತಣಿಸುವ ಕೂಲರ್ ಆದ್ದರಿಂದ, ದ್ರವದ ಕೂಲರ್‌ಗಳಲ್ಲಿರುವಂತೆ ಪಂಪ್ ಕೆಡುವ, ದ್ರವ ಸೋರುವ ಭಯವಿಲ್ಲದಿರುವುದೇ ನನಗೆ ದೊಡ್ಡ ಸಮಾಧಾನ. ಆದರೆ ಇದರ ಎತ್ತರ 165 ಮಿ.ಮೀ. ಇರುವುದರಿಂದ ಕ್ಯಾಬಿನೆಟ್ಟಿನ ಅಳತೆಯನ್ನು ಮೊದಲೇ ನೋಡಬೇಕು. ಎರಡೂ ಫ್ಯಾನ್ ಹಾಕಿದಾಗ ಫ್ಯಾನಿನ ಕೆಳಗೆ 32 ಮಿ.ಮೀ. ಜಾಗ ಮಾತ್ರ ಉಳಿಯುವುದರಿಂದ, ಅಲಂಕಾರದ ಎತ್ತರದ ರ್‍ಯಾಮ್ ಬಿಟ್ಟು ಗಿಡ್ಡನೆಯದನ್ನೇ ಆರಿಸುವುದು ಒಳ್ಳೆಯದು. ಮದರ್‌ಬೋರ್ಡಿನ ವಿಆರ್‌ಎಂಗೆ (ಪ್ರೊಸೆಸರ್‌ಗೆ ತಕ್ಕ ವೋಲ್ಟೇಜ್ ಒದಗಿಸುವ ಭಾಗ) ಶಾಖ ಹೀರುವ ಗಟ್ಟಿಯಾದ ಹೀಟ್‌ಸಿಂಕ್ ಇಲ್ಲದಿದ್ದರೆ ಇಷ್ಟು ದೊಡ್ಡ ಕೂಲರ್‌ನಿಂದಲೂ ಓವರ್‌ಕ್ಲಾಕ್ ಸ್ಥಿರವಾಗಿ ನಿಲ್ಲುವುದು ಕಷ್ಟ.