ಫುಕೆಟ್‌ನಲ್ಲಿ ಹೊರಗಿನ ಟೂರ್ ಹಿಡಿಯುವ ಮೊದಲು ಕೇಳಿ: ನಾಲ್ಕು ಗಂಟೆ ಅಂದ್ರೆ ಯಾರ ನಾಲ್ಕು ಗಂಟೆ?

ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್ ಮುಟ್ಟಿ ಬರುವ ಕ್ರೂಸ್ ಬುಕ್ ಮಾಡಿದವರು, ಮಾಡಬೇಕು ಅಂತಿರುವವರು ಇದನ್ನು ಪೂರ್ತಿ ಓದಿ. ಅದರಲ್ಲೂ 'ಬ್ಯಾಕ್ ಟು ಶಿಪ್ ಗ್ಯಾರಂಟಿ' (ಹೊತ್ತಿಗೆ ಸರಿಯಾಗಿ ಹಡಗಿಗೆ ವಾಪಸ್ ತಲುಪಿಸುವ ಭರವಸೆ) ಅಂತ ದೊಡ್ಡದಾಗಿ ಬರೆದ ಬ್ರೋಶರ್ ವಾಟ್ಸಾಪ್‌ನಲ್ಲಿ ಬಂದಿದ್ದರೆ, ಅಡ್ವಾನ್ಸ್ ಹಾಕುವ ಮೊದಲು ಓದಿ. ಬರೆಯೋಕೆ ನಾಚಿಕೆ ಆಗುತ್ತೆ. ಆದರೆ ನಮಗೆ ಅಂಥ ಟೂರ್ ಮಾರಿದ ಏಜೆಂಟ್ ದಸರಾ ರಜೆಗೆ ಮತ್ತೆ ಜನ ಸೇರಿಸುತ್ತಿದ್ದಾನೆ. ಅವನ ಹೆಸರು ಹಾಕುವುದಿಲ್ಲ, ದೂರು ಇನ್ನೂ ನಡೀತಿದೆ.

ಕ್ರೂಸ್ ಹೋದವರಿಗೆ ಇದು ಗೊತ್ತಿರುತ್ತೆ. ಹಡಗು ನಿಂತ ಊರಲ್ಲಿ ಸುತ್ತಾಡಿಸುವ ಟೂರನ್ನು ಹಡಗಿನವರೇ ಮಾರುತ್ತಾರೆ, ರೇಟು ಜಾಸ್ತಿ. ನಮ್ಮ ಹಡಗಿನಲ್ಲಿ ಫುಕೆಟ್ ಟೂರ್‌ಗೆ ತಲೆಗೆ 79 ಡಾಲರ್ ಇತ್ತು. ಹತ್ತಿರ ಏಳು ಸಾವಿರ ರೂಪಾಯಿ. ಬೆಂಗಳೂರಿನ ಈ ಏಜೆಂಟ್ 2,800ಕ್ಕೆ ಮಾಡಿಕೊಡ್ತೀನಿ ಅಂದ. ಎಸಿ ವ್ಯಾನ್, ಇಂಡಿಯನ್ ಊಟ, ಎಲ್ಲ ಸೇರಿ. ನಾವು ಏಳು ಜನ. ನಾನು, ಹೆಂಡತಿ, ಮಗಳು, ಅಮ್ಮ, ಜೊತೆಗೆ ನನ್ನ ಗೆಳೆಯ, ಅವನ ಹೆಂಡತಿ, ಅವನ ಅತ್ತೆ. ಏಳು ಜನಕ್ಕೆ ಎಷ್ಟು ಉಳಿಯುತ್ತೆ ಅಂತ ನೀವೇ ಲೆಕ್ಕ ಹಾಕಿ. ನಮ್ಮ ಅಕ್ಕ-ಭಾವ ಮಾತ್ರ "ನಮಗೆ ತಲೆನೋವು ಬೇಡಪ್ಪ" ಅಂತ ಹಡಗಿನ ಟೂರೇ ತಗೊಂಡರು.

ನಾವೇನು ಕಣ್ಣು ಮುಚ್ಚಿಕೊಂಡು ದುಡ್ಡು ಕೊಟ್ಟಿಲ್ಲ. ಹಡಗಿನ ವೇಳಾಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿದ್ದೆ. "ದಡದಿಂದ ಹಡಗಿಗೆ ಕೊನೆ ಬೋಟ್ ನಾಲ್ಕೂವರೆಗೆ ಅಂತ ಇದೆ, ನಿಮ್ಮ ಡ್ರಾಪ್ ನಾಲ್ಕಕ್ಕೆ ಅಂತಿದೆ, ಸಾಕಾಗುತ್ತಾ?" ಅಂತ ನೇರವಾಗಿ ಕೇಳಿದ್ದೆ. ಅವನ ಉತ್ತರ ಇವತ್ತಿಗೂ ನನ್ನ ಫೋನಲ್ಲಿದೆ. "ಅರ್ಧ ಗಂಟೆ ಮೊದಲೇ ಬಿಡ್ತೀವಿ ಸರ್. ಗ್ಯಾರಂಟಿ ಇದೆಯಲ್ಲ, ಆರಾಮಾಗಿ ಎಂಜಾಯ್ ಮಾಡಿ." ಜೊತೆಗೆ ಕೈಮುಗಿಯುವ ಚಿತ್ರ ಬೇರೆ. ಈ ಅರ್ಧ ಗಂಟೆ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಫುಕೆಟ್‌ನಲ್ಲಿ ನಮ್ಮ ಹಡಗು ದಡಕ್ಕೆ ಬರಲಿಲ್ಲ. ಪಟೋಂಗ್ ಬೀಚಿನ ಎದುರು ಸಮುದ್ರದಲ್ಲೇ ಲಂಗರು ಹಾಕಿತು. ಅಲ್ಲಿಂದ ಟೆಂಡರ್ ಅನ್ನೋ ಸಣ್ಣ ಬೋಟ್‌ನಲ್ಲಿ ದಡಕ್ಕೆ ಬಿಡ್ತಾರೆ. ಮೊದಲು ಯಾರನ್ನು ಬಿಡ್ತಾರೆ? ಹಡಗಿನ ಟೂರ್ ತಗೊಂಡವರನ್ನು. ಅಕ್ಕ-ಭಾವ ತಿಂಡಿ ಮುಗಿಸಿ ನೇರ ಬೋಟ್ ಹತ್ತಿದರು. ನಾವು ನಂಬರ್ ಚೀಟಿ ಹಿಡ್ಕೊಂಡು ಕೂತೆವು. ದಡ ಮುಟ್ಟಿದಾಗ ಹಡಗಿನ ಗಡಿಯಾರದಲ್ಲಿ ಹನ್ನೊಂದೂವರೆ. ಡ್ರೈವರ್ ಬೋರ್ಡ್ ಹಿಡಿದು ಕಾಯುತ್ತಿದ್ದ. ಬಂದ ಕೂಡಲೇ ವೇಟಿಂಗ್ ಚಾರ್ಜ್ 500 ಬಾತ್ (ಥಾಯ್ ದುಡ್ಡು) ಕೇಳಿದ. ಟೂರ್ ಶುರು ಆಗೋ ಮೊದಲೇ!

ಏಜೆಂಟ್ ಕಳಿಸಿದ ಟೂರ್ ವೌಚರ್‌ನಲ್ಲಿ ಮೊದಲ ಹೆಸರೇ ಬಿಗ್ ಬುದ್ಧ. 45 ಮೀಟರ್ ಎತ್ತರದ ಬಿಳಿ ಬುದ್ಧ, ಫುಕೆಟ್‌ನ ಎಲ್ಲ ಬ್ರೋಶರ್‌ನಲ್ಲೂ ಇರುತ್ತಾನೆ. ಡ್ರೈವರ್ "ಕ್ಲೋಸ್, ಕ್ಲೋಸ್" ಅಂದ. 2024ರ ಆಗಸ್ಟ್‌ನಲ್ಲಿ ಆ ಬೆಟ್ಟದಲ್ಲಿ ಗುಡ್ಡ ಕುಸಿದು 13 ಜನ ಸತ್ತರು, ಆಗ ಮುಚ್ಚಿದ್ದು. ನಾವು ಹೋದಾಗಲೂ ಮುಚ್ಚೇ ಇತ್ತು. ಡ್ರೈವರ್‌ಗೆ ಗೊತ್ತಿರೋದು ಏಜೆಂಟ್‌ಗೆ ಗೊತ್ತಿಲ್ವಾ? ಗೊತ್ತಿದ್ದೇ ಹೆಸರು ಹಾಕಿದ್ದಾನೆ, ಅದಿಲ್ಲದಿದ್ದರೆ ಬ್ರೋಶರ್ ಯಾರು ನೋಡ್ತಾರೆ!

ಕರೋನ್ ವ್ಯೂ ಪಾಯಿಂಟ್‌ಗೆ ಹೋದೆವು, ಮೂರು ಬೀಚು ಒಟ್ಟಿಗೆ ಕಾಣುತ್ತೆ, ಚೆನ್ನಾಗಿದೆ. ವಾಟ್ ಚಲೋಂಗ್ ದೇವಸ್ಥಾನವೂ ಚೆನ್ನಾಗಿತ್ತು. ಅಲ್ಲಿ ಹರಕೆ ತೀರಿದವರು ಪಟಾಕಿ ಸರ ಹಚ್ಚೋಕೆ ಅಂತಲೇ ಇಟ್ಟಿಗೆಯ ಗೂಡು ಕಟ್ಟಿದ್ದಾರೆ. ಒಳಗೆ ಸರ ಹಚ್ಚಿದಾಗ ಬರುವ ಸದ್ದಿಗೆ ಅಮ್ಮ ಬೆಚ್ಚಿಬಿದ್ದು ಆಮೇಲೆ ನಕ್ಕಿದ್ದೇ ನಕ್ಕಿದ್ದು. ಇಡೀ ದಿನದಲ್ಲಿ ನಾವು ನಕ್ಕಿದ್ದು ಅದೊಂದೇ ಸಲ.

ಊಟ ಆಯ್ತು. ಆಮೇಲೆ ವ್ಯಾನ್ ನಿಂತಿದ್ದು ಒಂದು ದೊಡ್ಡ ಹರಳಿನ ಅಂಗಡಿ ಮುಂದೆ. ವೌಚರ್‌ನಲ್ಲಿ ಇದರ ಸುದ್ದಿಯೇ ಇಲ್ಲ. ಬಾಗಿಲಲ್ಲೇ ಒಬ್ಬಳು ಹುಡುಗಿ ನಮ್ಮೆಲ್ಲರ ಎದೆ ಮೇಲೆ ನಂಬರ್ ಇದ್ದ ಹಳದಿ ಸ್ಟಿಕರ್ ಅಂಟಿಸಿದಳು. ಅಮ್ಮನ ಸೀರೆ ಸೆರಗಿನ ಮೇಲೂ ಒಂದು. ಯಾವ ಡ್ರೈವರ್ ಕರ್ಕೊಂಡು ಬಂದ ಗಿರಾಕಿ ಅಂತ ಗುರುತಿಗೆ. ಕುರಿಗೆ ಬಣ್ಣ ಹಾಕಿದ ಹಾಗೆ. ಒಳಗೆ ಹೋದರೆ ಬಂದ ಬಾಗಿಲಲ್ಲಿ ವಾಪಸ್ ಬಿಡಲ್ಲ. ಇಡೀ ಅಂಗಡಿ ಸುತ್ತಿ ಆ ಕಡೆ ಬಾಗಿಲಿಗೇ ಹೋಗಬೇಕು. ತಂಪು ಜ್ಯೂಸ್ ಕೊಟ್ಟರು, ಗಣಿಯ ಬಗ್ಗೆ ವಿಡಿಯೋ ತೋರಿಸಿದರು, ಹಿಂದಿ ಮಾತಾಡೋ ಒಬ್ಬ ನನ್ನ ಹೆಂಡತಿಯ ಬೆರಳಿಗೆ ಮಾಣಿಕ್ಯದ ಉಂಗುರ ಹಾಕೇಬಿಟ್ಟ.

ಅಲ್ಲೇ ನಮಗೆ ಗೊತ್ತಾಗಿದ್ದು. ಅಮ್ಮ ಕೈಗಡಿಯಾರ ನೋಡಿ "ಮೂರು ಗಂಟೆ ಹತ್ತು ನಿಮಿಷ ಆಯ್ತಲ್ಲೋ, ಹೊರಡೋಣ್ವಾ?" ಅಂದರು. ಮಗಳು ಫೋನ್ ನೋಡಿ "ಇಲ್ಲ ಅಜ್ಜಿ, ಇನ್ನೂ ಎರಡೂ ಹತ್ತು" ಅಂದಳು. ಅಮ್ಮನ ವಾಚ್ ಹಡಗಿನ ಹೊತ್ತಿನಲ್ಲಿತ್ತು. ನಮ್ಮ ಹಡಗು ಪೂರ್ತಿ ಪ್ರಯಾಣ ಸಿಂಗಪುರದ ಹೊತ್ತನ್ನೇ ಇಟ್ಟುಕೊಂಡಿತ್ತು. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಮಗಳ ಫೋನ್ ದಡಕ್ಕೆ ಬಂದ ಕೂಡಲೇ ತಾನಾಗಿ ಥಾಯ್ ಹೊತ್ತಿಗೆ ಬದಲಾಗಿತ್ತು.

ಇದು ಹೊಸ ವಿಷಯ ಏನಲ್ಲ, ಹಡಗಿನಲ್ಲಿ ಹೇಳಿದ್ದರು, ನಮಗೂ ಗೊತ್ತಿತ್ತು. ನಮ್ಮ ಎದೆ ಧಸಕ್ ಅಂದಿದ್ದು ಬೇರೆ ವಿಷಯಕ್ಕೆ. ನಾನು ಡ್ರೈವರ್ ಹತ್ತಿರ ಹೋಗಿ "ನಮ್ಮನ್ನು ಎಷ್ಟು ಗಂಟೆಗೆ ಬಿಡ್ತೀಯಪ್ಪ?" ಅಂತ ಕೇಳಿದೆ. ಅವನು ತನ್ನ ಫೋನ್ ತೋರಿಸಿ ನಾಲ್ಕು ಬೆರಳು ಎತ್ತಿದ. ಅವನ ನಾಲ್ಕು ಗಂಟೆ ಅಂದ್ರೆ ಹಡಗಿನ ಐದು ಗಂಟೆ. ಕೊನೆ ಬೋಟ್ ನಾಲ್ಕೂವರೆಗೆ! ಅರ್ಧ ಗಂಟೆ ಮೊದಲು ಅಂದಿದ್ದನಲ್ಲ, ಅದು ಅರ್ಧ ಗಂಟೆ ತಡ. ವೌಚರ್ ಪ್ರಕಾರ ಎಲ್ಲ ಸರಿಯಾಗಿ ನಡೆದಿದ್ದರೂ ನಮ್ಮ ಹಡಗು ತಪ್ಪಿಹೋಗುತ್ತಿತ್ತು. ಟ್ರಾಫಿಕ್ ಇಲ್ಲ, ಮಳೆ ಇಲ್ಲ, ಯಾರೂ ಲೇಟ್ ಇಲ್ಲ. ಪ್ಲಾನೇ ಹಾಗಿತ್ತು.

"ಈಗಲೇ ಹೊರಡು" ಅಂದೆವು. ಅವನು ಇನ್ನೂ ಎರಡು ಅಂಗಡಿ ಇದೆ ಅಂತ ಅನುವಾದದ ಆ್ಯಪ್‌ನಲ್ಲಿ ಮಾತಾಡಿ ತೋರಿಸಿದ. ಒಂದು ಜೇನುತುಪ್ಪ, ಒಂದು ಗೇರುಬೀಜ. ನಮ್ಮದು ಕುಂದಾಪುರ ರೀ! ಗೇರುಬೀಜದ ಫ್ಯಾಕ್ಟರಿ ನೋಡೋಕೆ ನಾವು ಸಮುದ್ರ ದಾಟಿ ಬರಬೇಕಾ? ಅಂಗಡಿಗೆ ಹೋಗದಿದ್ದರೆ ಬಾಸ್ ದುಡ್ಡು ಕೊಡಲ್ಲ ಅಂತ ಅವನ ಕಷ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹೇಳಿದ ಕೆಲಸ ಮಾಡ್ತಿದ್ದ. ಕೊನೆಗೆ ಅಂಗಡಿ ತಪ್ಪಿಸಿದ್ದಕ್ಕೆ 1,000 ಬಾತ್ ಅವನ ಕೈಗಿಟ್ಟು ವ್ಯಾನ್ ಹತ್ತಿದೆವು. ಅಂಗಡಿಗೆ ಹೋಗದೇ ಇರೋಕೆ ದುಡ್ಡು ಕೊಟ್ಟಿದ್ದು ಜೀವನದಲ್ಲಿ ಮೊದಲ ಸಲ.

ಆ ಕಡೆಯಿಂದ ಪಟೋಂಗ್‌ಗೆ ಬರಬೇಕಾದರೆ ಒಂದು ಕಡಿದಾದ ಘಾಟಿ ರಸ್ತೆ ಹತ್ತಿ ಇಳಿಯಬೇಕು. ಅಲ್ಲಿ ಜಾಮ್. ಏಜೆಂಟ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೆಸೇಜ್ ಹಾಕಿದರೆ ಎರಡು ನೀಲಿ ಗೀಟು ಬಂತು, ಉತ್ತರ ಇಲ್ಲ. ಪಾಸ್‌ಪೋರ್ಟ್ ಎಲ್ಲ ರೂಮಿನ ಲಾಕರ್‌ನಲ್ಲಿ. ಅಮ್ಮನ ಬಿಪಿ ಮಾತ್ರೆ ರೂಮಿನಲ್ಲಿ. ಹಡಗು ಹೋದರೆ ಏಳು ಜನ ಹೊಸದಾಗಿ ಟಿಕೆಟ್ ಮಾಡಿಸಿ ವಿಮಾನದಲ್ಲಿ ಸಿಂಗಪುರಕ್ಕೆ ಹೋಗಬೇಕು, ಅದಕ್ಕೂ ಪಾಸ್‌ಪೋರ್ಟ್ ಮೊದಲು ಕೈಗೆ ಸಿಗಬೇಕು. ವ್ಯಾನ್‌ನಲ್ಲಿ ಯಾರೂ ಮಾತಾಡಲಿಲ್ಲ. ಗೆಳೆಯ ನನ್ನ ಮುಖ ನೋಡಲಿಲ್ಲ, ನಾನು ಅವನ ಮುಖ ನೋಡಲಿಲ್ಲ.

ಬೀಚ್ ಮುಟ್ಟಿದಾಗ ಐದು ನಿಮಿಷ ಇತ್ತು. ಮಂಡಿನೋವಿನ ಅಮ್ಮನನ್ನು ಮರಳಿನ ಮೇಲೆ ನಾನೂ ಗೆಳೆಯನೂ ತೋಳು ಹಿಡಿದು ಎಳ್ಕೊಂಡು ಓಡಿದೆವು. ಹಡಗಿನ ಸಿಬ್ಬಂದಿ ಛತ್ರಿ ಮಡಚಿ, ನೀರಿನ ಡ್ರಮ್ ಎತ್ತಿಟ್ಟು, ಕೈಯಲ್ಲಿ ಪಟ್ಟಿ ಹಿಡಿದು ನಮ್ಮ ರೂಮ್ ನಂಬರ್ ಕೂಗುತ್ತಿದ್ದರು. ಬೋಟ್ ತುಂಬ ಜನ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಯಾರೋ ಚಪ್ಪಾಳೆ ಬೇರೆ ತಟ್ಟಿದರು. ಅಮ್ಮನ ಸೆರಗಿನ ಮೇಲೆ ಆ ಹಳದಿ ಸ್ಟಿಕರ್ ಹಾಗೇ ಇತ್ತು.

ಈಗ ಏಜೆಂಟ್‌ನ ಉತ್ತರಗಳು. ಇದನ್ನೇ ನಿಮಗೆ ಮುಖ್ಯವಾಗಿ ಹೇಳಬೇಕಿತ್ತು.

ರಾತ್ರಿ ಅವನದೇ ಮೆಸೇಜ್ ಬಂತು. "ಟೂರ್ ಹೇಗಿತ್ತು ಸರ್? ಫೈವ್ ಸ್ಟಾರ್ ರಿವ್ಯೂ ಹಾಕಿ ಪ್ಲೀಸ್." ನಾನು ಎಲ್ಲ ಬರೆದೆ. ಉದ್ದಕ್ಕೆ ಬರೆದೆ. ಅದಕ್ಕೆ: "ವೌಚರ್ ಎರಡನೇ ಪುಟ ನೋಡಿ ಸರ್, ಎಲ್ಲ ಟೈಮಿಂಗ್ ಲೋಕಲ್ ಟೈಮ್ ಅಂತ ಕ್ಲಿಯರ್ ಆಗಿ ಇದೆ." ಆ ವೌಚರ್ ಅವನು ಕಳಿಸಿದ್ದು ಪೂರ್ತಿ ಹಣ ಹಾಕಿದ ಮೇಲೆ, ಅದರಲ್ಲೂ ಎರಡನೇ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರ. ಸರಿ, ನಾನು ಹಡಗಿನ ಸ್ಕ್ರೀನ್‌ಶಾಟ್ ಕಳಿಸಿ ಕೇಳಿದ್ದೆನಲ್ಲ, ಅರ್ಧ ಗಂಟೆ ಮೊದಲೇ ಬಿಡ್ತೀವಿ ಅಂದಿದ್ರಲ್ಲ? "ಅದು ಜನರಲ್ ಆಗಿ ಹೇಳಿದ್ದು ಸರ್."

ಬಿಗ್ ಬುದ್ಧ? "ಅದು ಗವರ್ನಮೆಂಟ್ ಮುಚ್ಚಿದ್ದು ಸರ್, ನಾವೇನು ಮಾಡೋಕಾಗುತ್ತೆ? ಅದರ ಬದಲು ಜೆಮ್ಸ್ ಫ್ಯಾಕ್ಟರಿ ಕಾಂಪ್ಲಿಮೆಂಟರಿ ತೋರಿಸಿದ್ವಲ್ಲ."

ಕಾಂಪ್ಲಿಮೆಂಟರಿ! ಅಂಗಡಿಗೆ ಕರ್ಕೊಂಡು ಹೋಗಿದ್ದು ನಮಗೆ ಮಾಡಿದ ಉಪಕಾರ!

ಕೊನೆಗೆ ಗ್ಯಾರಂಟಿ ವಿಷಯ ಎತ್ತಿದೆ. ಹಡಗು ತಪ್ಪಿದ್ದರೆ ಏನು ಮಾಡ್ತಿದ್ರಿ ಅಂತ ಕೇಳಿದೆ. ಅದಕ್ಕೆ ಬಂದ ಉತ್ತರ ಓದಿ ಮೈಯೆಲ್ಲ ಉರಿದುಹೋಯ್ತು. "ನೀವು ಶಿಪ್ ಹತ್ತಿದ್ರಲ್ವಾ ಸರ್? ಮತ್ತೆ ಗ್ಯಾರಂಟಿ ಪ್ರಕಾರನೇ ಆಯ್ತಲ್ಲ." ಅಂದ್ರೆ ನಾವು 1,000 ಬಾತ್ ಕೊಟ್ಟು, ಅಮ್ಮನನ್ನು ಎಳ್ಕೊಂಡು ಓಡಿ ಹಡಗು ಹತ್ತಿದ್ದು ಅವನ ಗ್ಯಾರಂಟಿಯ ಸಾಧನೆ. ಒತ್ತಿ ಕೇಳಿದ ಮೇಲೆ ಇನ್ನೊಂದು ಸತ್ಯ ಹೊರಬಂತು. ತಪ್ಪಿದ್ದರೂ ಅವನು ಕೊಡೋದು ಟೂರ್‌ನ ಹಣ ಮಾತ್ರ. ವಿಮಾನ, ಹೋಟೆಲ್ ಯಾವುದೂ ಇಲ್ಲ. ತಲೆಗೆ 2,800 ರೂಪಾಯಿ. ಅದಕ್ಕೆ ಗ್ಯಾರಂಟಿ ಅಂತ ಹೆಸರು. ಸಾವಿರ ರೂಪಾಯಿ ವಾಪಸ್ ಹಾಕ್ತೀನಿ, ರಿವ್ಯೂ ಮಾತ್ರ ಚೆನ್ನಾಗಿ ಬರೀರಿ ಅಂತಲೂ ಕೇಳಿದ. ನಯಾಪೈಸೆ ಬೇಡ ಅಂದೆ.

ಹಾಗಂತ ಹಡಗಿನ ಟೂರ್ ಬಂಗಾರ ಅಂತ ತಿಳ್ಕೋಬೇಡಿ. ಭಾವನವರ ಬಸ್ಸಿನಲ್ಲಿ ನಲವತ್ತು ಜನರಂತೆ. ಗೈಡ್ ಬಾವುಟ ಹಿಡಿದು ಮುಂದೆ, ಇವರೆಲ್ಲ ಹಿಂದೆ. ಅವರನ್ನೂ ಹರಳಿನ ಅಂಗಡಿಗೆ ಕರ್ಕೊಂಡು ಹೋಗಿದ್ದರು! ದುಪ್ಪಟ್ಟಿಗಿಂತ ಜಾಸ್ತಿ ದುಡ್ಡು ಕೊಟ್ಟು ಅದೇ ಅಂಗಡಿ ಕಾಟ. ಅವರ ಬಸ್ಸೂ ಅದೇ ಘಾಟಿ ಜಾಮ್‌ನಲ್ಲಿ ಸಿಕ್ಕಿಕೊಂಡಿತ್ತು. ಆದರೆ ಭಾವ ಬಸ್ಸಿನಲ್ಲಿ ನಿದ್ದೆ ಮಾಡಿದರು. ಯಾಕೆಂದರೆ ಹಡಗಿನದೇ ಟೂರ್ ತಡವಾದರೆ ಹಡಗು ಕಾಯುತ್ತೆ, ಕಾಯೋಕೆ ಆಗದಿದ್ದರೆ ಮುಂದಿನ ಊರಿಗೆ ಅವರದೇ ಖರ್ಚಿನಲ್ಲಿ ತಲುಪಿಸ್ತಾರೆ. ಹೊರಗಿನ ಟೂರ್‌ನವರಿಗೆ ಕಾಯಲ್ಲ. ಆ ಜಾಸ್ತಿ ನಾಲ್ಕು ಸಾವಿರ ಇರೋದು ಈ ನಿದ್ದೆಗೆ. ಊಟದ ಟೇಬಲ್‌ನಲ್ಲಿ ಭಾವ ಏನಂದರು ಅಂತ ದಯವಿಟ್ಟು ಕೇಳಬೇಡಿ.

ಎಲ್ಲ ಊರಿಗೂ ಹಡಗಿನ ಟೂರ್ ಬೇಕು ಅಂತಲೂ ಅಲ್ಲ. ಪೆನಾಂಗ್‌ನಲ್ಲಿ ಹಡಗು ಸ್ವೆಟೆನ್‌ಹ್ಯಾಮ್ ಪಿಯರ್‌ಗೇ ಬಂದು ನಿಲ್ಲುತ್ತೆ. ಇಳಿದರೆ ಜಾರ್ಜ್ ಟೌನ್. ಮಲೇಷ್ಯಾ, ಸಿಂಗಪುರ ಎರಡರದ್ದೂ ಒಂದೇ ಹೊತ್ತು, ಗಡಿಯಾರದ ಗಲಾಟೆ ಇಲ್ಲ. ನಡ್ಕೊಂಡೇ ಲಿಟಲ್ ಇಂಡಿಯಾ, ಮಾರಿಯಮ್ಮನ ಗುಡಿ, ಗೋಡೆ ಚಿತ್ರಗಳ ಬೀದಿ ಎಲ್ಲ ನೋಡಿದೆವು. ಕಾಫಿ ಕುಡಿದು ಬಂದೆವು. ಅಲ್ಲಿ ಯಾರ ಟೂರೂ ಬೇಡ, ದುಡ್ಡು ದಂಡ. ಫುಕೆಟ್ ಹಾಗಲ್ಲ. ಬೋಟ್‌ನಲ್ಲಿ ಇಳಿಯಬೇಕಾದ ಊರು, ಹೊತ್ತು ಬೇರೆ, ನೋಡುವ ಜಾಗ ದೂರ. ವಯಸ್ಸಾದವರು ಜೊತೆಗಿದ್ದರೆ ಹಡಗಿನ ಟೂರ್ ತಗೊಳ್ಳಿ, ಇಲ್ಲ ಪಟೋಂಗ್ ಬೀಚಿನಲ್ಲೇ ಎಳನೀರು ಕುಡಿದು ವಾಪಸ್ ಬನ್ನಿ. ಹೊರಗಿನವರನ್ನೇ ಹಿಡಿಯೋದಾದರೆ ಡ್ರಾಪ್ ಎಷ್ಟು ಗಂಟೆಗೆ ಅಂತ ಕೇಳಬೇಡಿ, ಹಡಗಿನ ಗಡಿಯಾರದಲ್ಲಿ ಎಷ್ಟು ಗಂಟೆಗೆ ಅಂತ ಬರೆಸಿಕೊಳ್ಳಿ. ಅಂಗಡಿ ಇಲ್ಲ ಅಂತಲೂ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದ್ರೆ ಬಿಟ್ಟುಬಿಡಿ. ಹಡಗು ತಪ್ಪಿದರೆ ಏನೇನು ಕೊಡ್ತೀರಿ ಅಂತ ಹಣ ಹಾಕೋ ಮೊದಲೇ ಕೇಳಿ, ಅವರು ಏನು ತಡಬಡಾಯಿಸ್ತಾರೆ ನೋಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆಮೇಲೆ ಏಜೆಂಟ್ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಹೆಂಡತಿಯ ನಂಬರ್ ಮರೆತಿದ್ದಾನೆ ಅನ್ಸುತ್ತೆ, ಅವಳಿಗೆ ಹೋದ ವಾರ ದಸರಾ ಬ್ರೋಶರ್ ಬಂತು. ಅದರಲ್ಲಿ ಬಿಗ್ ಬುದ್ಧ ಇನ್ನೂ ಇದ್ದಾನೆ, ಗ್ಯಾರಂಟಿಯೂ ಇದೆ. ನಿಮಗೂ ಬಂದಿದ್ದರೆ, ಅಡ್ವಾನ್ಸ್ ಹಾಕಿಯೂ ಆಗಿದ್ದರೆ, ಇವತ್ತೇ ವಾಪಸ್ ಕೇಳಿ. ಹೊರಡುವ ದಿನಕ್ಕೆ ಏಳು ದಿನ ಮೊದಲು ರದ್ದು ಮಾಡಿದರೆ ಪೂರ್ತಿ ಹಣ ಕೊಡ್ತೀವಿ ಅಂತ ಅದೇ ವೌಚರ್‌ನ ಎರಡನೇ ಪುಟದಲ್ಲಿ, ಅದೇ ಇರುವೆ ಅಕ್ಷರದಲ್ಲಿ ಬರೆದಿದ್ದಾನೆ.