ಕೆಂಚನ ಬಟ್ಟಲಿಗೆ ಬಂದುಹೋದ ಕಾಳುಗಳು: ಬೆಕ್ಕಿನ ಒಣ ಆಹಾರದ ಒಂದು ವಿಮರ್ಶೆ

ನಮ್ಮ ಮನೆಯ ಅಡುಗೆಯಲ್ಲಿ ಮೊಟ್ಟೆಗೂ ಜಾಗವಿಲ್ಲ. ಆದರೂ ಐದು ವರ್ಷಗಳ ಹಿಂದೆ, ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ಕೋಣೆಯ ಹಿಂದೆ ಅರಚುತ್ತಿದ್ದ ಎರಡು ತಿಂಗಳ ಕೆಂಚು ಮರಿಯೊಂದನ್ನು ಮಗಳು ಎತ್ತಿಕೊಂಡು ಬಂದಾಗ, ಅದಕ್ಕೆ ಏನು ಹಾಕುವುದೆಂಬ ಚಿಂತೆ ನಮಗೆ ಬರಲಿಲ್ಲ. ಸಾಗರದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಬೆಕ್ಕುಗಳು ತಲೆಮಾರುಗಳಿಂದ ಹಾಲನ್ನ ತಿಂದು ಗುಂಡಗೆ ಇದ್ದವಲ್ಲ ಎಂಬ ಧೈರ್ಯವಿತ್ತು. ಕೆಂಚನಿಗೆ ಹಾಲನ್ನ ಹಾಕಿದ ನಾಲ್ಕನೆಯ ದಿನಕ್ಕೆ ಭೇದಿ ಶುರುವಾಯಿತು. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ತಾಯಿಯ ಹಾಲು ಬಿಟ್ಟ ಮೇಲೆ ಬೆಕ್ಕುಗಳಲ್ಲಿ ಕುಗ್ಗುತ್ತ ಹೋಗುತ್ತದೆ ಎಂದು ಪಶುವೈದ್ಯರು ತಿಳಿಸಿದಾಗ, ಊರಿನ ಬೆಕ್ಕುಗಳ ಗುಟ್ಟು ನಿಧಾನವಾಗಿ ಹೊಳೆಯಿತು. ಅಟ್ಟದ ಇಲಿ, ಕೊಟ್ಟಿಗೆಯ ಹಲ್ಲಿ, ತೋಟದ ಓತಿಕ್ಯಾತ, ಇವೇ ಅವುಗಳ ಊಟವಾಗಿದ್ದವು. ನಾವು ಬಡಿಸುತ್ತಿದ್ದ ಹಾಲನ್ನ ಊಟದ ಕೊನೆಯ ಮಜ್ಜಿಗೆಯಷ್ಟೇ. ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಆ ಇಲಿಯ ಜಾಗವನ್ನು ಅಂಗಡಿಯ ಪೊಟ್ಟಣವೇ ತುಂಬಬೇಕು. ಈ ಐದು ವರ್ಷಗಳಲ್ಲಿ ಕೊಂಡ ಏಳೆಂಟು ಬಗೆಯ ಒಣ ಆಹಾರಗಳನ್ನು ನಾನು ಅಳೆದದ್ದು ಇದೊಂದೇ ಅಳತೆಗೋಲಿನಿಂದ: ಇಲಿಯಲ್ಲಿ ಇದ್ದದ್ದು ಈ ಪೊಟ್ಟಣದಲ್ಲಿ ಎಷ್ಟಿದೆ?

ಸ್ವಂತ ಬೇಟೆಯಿಂದ ಬದುಕುವ ಬೆಕ್ಕುಗಳ ಆಹಾರವನ್ನು ಲೆಕ್ಕಹಾಕಿದ ಸಂಶೋಧಕರ ಪ್ರಕಾರ ಅವುಗಳಿಗೆ ದೊರೆಯುವ ಶಕ್ತಿಯಲ್ಲಿ ಶೇಕಡಾ 52ರಷ್ಟು ಪ್ರೋಟೀನಿನಿಂದ, 46ರಷ್ಟು ಕೊಬ್ಬಿನಿಂದ ಬರುತ್ತದೆ. ಪಿಷ್ಟ ಮತ್ತು ಸಕ್ಕರೆಗಳ ಪಾಲು ಕೇವಲ ಶೇಕಡಾ 2. ಒಂದು ಇಲಿಯಲ್ಲಿ ಸುಮಾರು 30 ಕಿಲೋಕ್ಯಾಲರಿ ಇರುತ್ತದೆ ಎಂದುಕೊಂಡರೆ, ದಿನಕ್ಕೆ 200 ಕಿಲೋಕ್ಯಾಲರಿ ಬೇಕಾಗುವ ನಾಲ್ಕು ಕಿಲೋ ತೂಕದ ಮನೆಬೆಕ್ಕು ಏಳು ಇಲಿಗಳನ್ನು ಹಿಡಿಯಬೇಕಾಯಿತು. ಆ ಇಲಿಯ ಮಾಂಸದಲ್ಲಿ ಟಾರಿನ್ ಎಂಬ ವಸ್ತುವಿದೆ. ನಾಯಿ ಅದನ್ನು ತನ್ನ ದೇಹದಲ್ಲೇ ತಯಾರಿಸಿಕೊಳ್ಳಬಲ್ಲದು. ಬೆಕ್ಕಿಗೆ ಬೇಕಾದಷ್ಟು ತಯಾರಿಸಿಕೊಳ್ಳಲು ಆಗದು. ಟಾರಿನ್ ಇಲ್ಲದ ಆಹಾರದಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ ಎಂಬುದು 1975ರಲ್ಲಿ ತಿಳಿಯಿತು. ಹೃದಯದ ಸ್ನಾಯು ಸಡಿಲಗೊಂಡು ಬೆಕ್ಕುಗಳು ಸಾಯುತ್ತಿದ್ದುದಕ್ಕೂ ಅದೇ ಕೊರತೆ ಕಾರಣವೆಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು ತೋರಿಸಿಕೊಟ್ಟರು. ಅಂದು ಸತ್ತ ಎಷ್ಟೋ ಬೆಕ್ಕುಗಳು ಅಂಗಡಿಯಲ್ಲಿ ಕೊಂಡ ಆಹಾರವನ್ನೇ ತಿನ್ನುತ್ತಿದ್ದವು ಎಂಬುದನ್ನು ಗಮನಿಸಬೇಕು. ಇಂದು ಪ್ರತಿ ಪೊಟ್ಟಣದ ಹಿಂಬದಿಯಲ್ಲಿ ಟಾರಿನ್ ಎಂದು ಅಚ್ಚಾಗಿರುವುದು ಆ ಅನುಭವದಿಂದಲೇ. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವವನ್ನು ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಆದ್ದರಿಂದ ಮನೆಯಲ್ಲಿ ನಾಯಿಯೂ ಇದೆ, ಅದರ ಆಹಾರವನ್ನೇ ಬೆಕ್ಕಿಗೂ ಹಾಕೋಣ ಎಂಬ ಉಳಿತಾಯ ಬೇಡ.

ಪೊಟ್ಟಣದ ಮುಂಭಾಗವನ್ನು ನೋಡಿ ಕೊಳ್ಳುವುದನ್ನು ನಾನು ಎರಡನೆಯ ವರ್ಷವೇ ಬಿಟ್ಟೆ. ಅಲ್ಲಿ ನೆಗೆಯುವ ಬಂಗಡೆ ಮೀನು ಇರುತ್ತದೆ, ಸಮುದ್ರದ ನೀಲಿ ಇರುತ್ತದೆ. ಹಿಂದೆ ತಿರುಗಿಸಿದರೆ ಗೋಧಿ ಹಿಟ್ಟು, ಮೆಕ್ಕೆಜೋಳ, ಆಮೇಲೆ ಕೋಳಿಯ ಪುಡಿ, ಎಲ್ಲೋ ಕೊನೆಯಲ್ಲಿ ಮೀನು. ಸಾಕುಪ್ರಾಣಿಗಳ ಆಹಾರಕ್ಕೆ ಪೋಷಕಾಂಶಗಳ ಮಟ್ಟವನ್ನು ನಿಗದಿಪಡಿಸುವ ಅಮೆರಿಕದ ಆಫ್ಕೊ ಸಂಸ್ಥೆಯ ನಿಯಮದಲ್ಲಿ ‘ಮೀನು ಸಹಿತ’ ಎಂದು ಬರೆಯಲು ಶೇಕಡಾ 3ರಷ್ಟು ಮೀನು ಇದ್ದರೆ ಸಾಕು. ‘ಮೀನಿನ ರುಚಿ’ ಎನ್ನಲು ಇಂತಿಷ್ಟು ಎಂಬ ಪ್ರಮಾಣವೇ ಇಲ್ಲ, ರುಚಿ ತಿಳಿದರಾಯಿತು. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ ಎಂಬುದು ಅನೇಕರಿಗೆ ಗೊತ್ತು. ಆದರೆ ತಾಜಾ ಕೋಳಿ ಮಾಂಸದ ಮುಕ್ಕಾಲು ಪಾಲಿನ ಹತ್ತಿರ ನೀರೇ ಆಗಿರುವುದರಿಂದ, ಪಟ್ಟಿಯ ಮೊದಲಲ್ಲಿರುವ ‘ತಾಜಾ ಕೋಳಿ’ಗಿಂತ ಎರಡನೆಯದಾಗಿರುವ ‘ಕೋಳಿ ಪುಡಿ’ಯಿಂದ ಹೆಚ್ಚು ಪ್ರೋಟೀನ್ ಬಂದಿರಬಹುದು. ಪುಡಿ ಎಂದೊಡನೆ ಮೂಗು ಮುರಿಯಬೇಕಾಗಿಲ್ಲ.

ಹಿಂಬದಿಯಲ್ಲಿ ನಾನು ಮೊದಲು ಹುಡುಕುವುದು ‘ಸಂಪೂರ್ಣ ಮತ್ತು ಸಮತೋಲಿತ’ ಎಂಬ ಅರ್ಥದ ವಾಕ್ಯವನ್ನು, ಮತ್ತು ಅದು ಯಾವ ವಯಸ್ಸಿಗೆ ಎಂಬುದನ್ನು. ಆಫ್ಕೊ ಮಟ್ಟದ ಪ್ರಕಾರ, ತೇವಾಂಶವನ್ನು ಕಳೆದ ಲೆಕ್ಕದಲ್ಲಿ, ಬೆಳೆದ ಬೆಕ್ಕಿಗೆ ಕನಿಷ್ಠ ಶೇಕಡಾ 26, ಮರಿಗೆ ಹಾಗೂ ಗಬ್ಬದ ಬೆಕ್ಕಿಗೆ 30 ಪ್ರೋಟೀನ್ ಬೇಕು. ಕೊಬ್ಬು 9, ಒಣ ಆಹಾರದಲ್ಲಿ ಟಾರಿನ್ 0.1. ಇವು ಕನಿಷ್ಠಗಳು ಎಂಬುದನ್ನು ಮರೆಯಬಾರದು. ಜೊತೆಗೆ, ಆಫ್ಕೊ ಮಟ್ಟಗಳನ್ನು ನಿಗದಿಪಡಿಸುತ್ತದೆಯೇ ಹೊರತು ಯಾವ ಪೊಟ್ಟಣಕ್ಕೂ ಮುದ್ರೆ ಒತ್ತುವುದಿಲ್ಲ.

ಯಾವ ಪೊಟ್ಟಣದ ಮೇಲೂ ಎದ್ದು ಕಾಣುವಂತೆ ಬರೆಯದ ಅಂಕಿ ಪಿಷ್ಟದ್ದು. ಅದನ್ನು ನಾವೇ ಕಂಡುಕೊಳ್ಳಬೇಕು. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಆಹಾರವನ್ನು ಸುಟ್ಟರೆ ಉಳಿಯುವ ಖನಿಜಾಂಶ) ಇವಿಷ್ಟನ್ನೂ ಕೂಡಿಸಿ ನೂರರಿಂದ ಕಳೆದರೆ ಉಳಿದದ್ದು ಪಿಷ್ಟ. ಬೂದಿಯ ಅಂಕಿ ಇಲ್ಲದಿದ್ದರೆ 8 ಎಂದಿಟ್ಟುಕೊಂಡರೆ ದೊಡ್ಡ ತಪ್ಪಾಗದು. ಕಿರಾಣಿ ಅಂಗಡಿಯಲ್ಲೂ ಸಿಗುವ ಸಾಧಾರಣ ಬೆಲೆಯ ಒಂದು ಪೊಟ್ಟಣದಲ್ಲಿ 30, 10, 5, 12 ಎಂದಿತ್ತು. ಬೂದಿ ಸೇರಿಸಿದರೆ 65, ಅಂದರೆ ಪಿಷ್ಟ 35. ಒಣ ಆಹಾರದಲ್ಲಿ ಪಿಷ್ಟವೇ ಇರಬಾರದು ಎನ್ನುವಂತಿಲ್ಲ, ಏಕೆಂದರೆ ಹಿಟ್ಟನ್ನು ಬಿಸಿಯಲ್ಲಿ, ಒತ್ತಡದಲ್ಲಿ ಅಚ್ಚಿನ ಮೂಲಕ ಹೊರದೂಡಿ ಕಾಳು ಮಾಡುವಾಗ ಅದು ಒಡೆಯದೆ ನಿಲ್ಲುವುದು ಪಿಷ್ಟದ ಅಂಟಿನಿಂದಲೇ. ‘ಧಾನ್ಯರಹಿತ’ ಎಂಬ ದುಬಾರಿ ಪೊಟ್ಟಣಗಳಲ್ಲಿ ಗೋಧಿಯ ಬದಲು ಆಲೂಗಡ್ಡೆಯೋ ಬಟಾಣಿಯೋ ಆ ಕೆಲಸ ಮಾಡುತ್ತಿರುತ್ತದೆ. ಹೀಗೆ ತಯಾರಾದ ಕಾಳಿಗೆ ಕೊನೆಯಲ್ಲಿ ಕೊಬ್ಬು ಮತ್ತು ಮಾಂಸದ ರಸವನ್ನು ಸಿಂಪಡಿಸುತ್ತಾರೆ. ಬೆಕ್ಕು ಮುಗಿಬೀಳುವುದು ಆ ಲೇಪಕ್ಕೆ. ಕೆಂಚ ಒಂದು ಅಗ್ಗದ ಆಹಾರವನ್ನು ಬಟ್ಟಲಲ್ಲಿ ಉರುಳಿಸಿ ಉರುಳಿಸಿ ನೆಕ್ಕಿ, ಬಣ್ಣ ಬಿಟ್ಟ ಕಾಳುಗಳನ್ನು ಹಾಗೆಯೇ ಉಳಿಸಿ ಎದ್ದುಹೋಗುತ್ತಿದ್ದುದು ಇದಕ್ಕೆ ಸಾಕ್ಷಿ. ಬೆಕ್ಕು ಇಷ್ಟಪಟ್ಟಿತು ಎಂಬುದರಿಂದ ಆಹಾರ ಒಳ್ಳೆಯದೆಂದು ತೀರ್ಮಾನಿಸುವಂತಿಲ್ಲ. ಇಷ್ಟಪಡದಿದ್ದರೆ ಮಾತ್ರ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಇನ್ನು ಹೆಸರಿದ್ದ ಆಹಾರಗಳ ಮಾತು. ಮಾರುಕಟ್ಟೆಯಲ್ಲಿ ಎಲ್ಲೆಡೆ ಕಾಣುವ ವಿಸ್ಕಾಸ್ ಮತ್ತು ಪಶುವೈದ್ಯರ ಕಪಾಟಿನಲ್ಲಿರುವ ರಾಯಲ್ ಕ್ಯಾನಿನ್ ಇಂದು ಒಂದೇ ಮಾರ್ಸ್ ಕಂಪನಿಯ ಕೈಯಲ್ಲಿವೆ. ರಾಯಲ್ ಕ್ಯಾನಿನ್ 1968ರಲ್ಲಿ ಫ್ರಾನ್ಸಿನ ಪಶುವೈದ್ಯ ಜ್ಯಾನ್ ಕಥಾರಿ ಆರಂಭಿಸಿದ್ದು. ಅದರ ‘ಫಿಟ್ 32’ ಎಂಬ ಹೆಸರಿನಲ್ಲಿರುವ ಅಂಕಿ ಪ್ರೋಟೀನಿನದು, ಕೊಬ್ಬು 15ರಷ್ಟಿದೆ. ಮೇಲಿನ ಲೆಕ್ಕವನ್ನು ಇದಕ್ಕೂ ಹಾಕಿ ನೋಡಿದಾಗ ಪಿಷ್ಟ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಬಂದದ್ದು ನನಗೆ ಅಚ್ಚರಿ ತಂದಿತು. ಬೆಲೆ ಇಮ್ಮಡಿಯಾದರೂ ಪಿಷ್ಟ ಅಷ್ಟೇನೂ ಇಳಿಯಲಿಲ್ಲ. ಹಾಗಾದರೆ ಕೊಟ್ಟ ಹಣ ವ್ಯರ್ಥವೇ ಎಂದರೆ, ನನ್ನ ಅನುಭವದಲ್ಲಿ ಅಲ್ಲ. ಒಂದು ಪೊಟ್ಟಣದಿಂದ ಮತ್ತೊಂದಕ್ಕೆ ಬಣ್ಣ, ವಾಸನೆ ಬದಲಾಗಲಿಲ್ಲ. ಮಲ ಗಟ್ಟಿಯಾಗಿ, ಕಡಿಮೆಯಾಗಿ, ನಾತವಿಲ್ಲದೆ ಬಂತು. ಅರಗಿದ್ದು ಹೆಚ್ಚು, ಹೊರಹೋದದ್ದು ಕಡಿಮೆ ಎಂಬುದಕ್ಕೆ ಮರಳಿನ ತಟ್ಟೆಗಿಂತ ನೇರವಾದ ಪರೀಕ್ಷೆ ನನಗೆ ಗೊತ್ತಿಲ್ಲ. ಇಟಲಿಯ ಫಾರ್ಮಿನಾ ಕಂಪನಿಯ ಧಾನ್ಯರಹಿತ ಚಿಕನ್-ದಾಳಿಂಬೆ ಬಗೆಯಲ್ಲಿ ಪ್ರೋಟೀನ್ 44, ಕೊಬ್ಬು 20. ಪಿಷ್ಟ 20ರ ಒಳಗೇ ಉಳಿಯುತ್ತದೆ. ಇಲಿಗೆ ತೀರ ಹತ್ತಿರ ಬಂದ ಒಣ ಆಹಾರ ಇದೇ ಎಂದು ನನ್ನ ಲೆಕ್ಕ ಹೇಳುತ್ತದೆ. (ಬೆಕ್ಕಿಗೆ ದಾಳಿಂಬೆ ಏಕೆ ಎಂದು ಕೇಳಬೇಡಿ, ಬೆಕ್ಕಿನ ನಾಲಗೆಗೆ ಸಿಹಿಯೇ ತಿಳಿಯುವುದಿಲ್ಲ. ದಾಳಿಂಬೆಯ ಚಿತ್ರ ಕೊಳ್ಳುವವರ ಕಣ್ಣಿಗಾಗಿ ಇರಬೇಕು.) ಆದರೆ ಇಷ್ಟು ಸಾರವುಳ್ಳ ಆಹಾರವನ್ನು ಹಳೆಯ ಅಳತೆಯಲ್ಲೇ ಹಾಕಿದ್ದು ನನ್ನ ತಪ್ಪು. ಬೀಜ ತೆಗೆಸಿದ, ಮನೆಯಿಂದ ಹೊರಹೋಗದ ಗಂಡು ಬೆಕ್ಕು ಐದೇ ತಿಂಗಳಲ್ಲಿ 4.6 ಕಿಲೋದಿಂದ 5.4 ಕಿಲೋಗೆ ಏರಿತು.

ಒಂದು ದೂರು ಇದೆ. ಬಡಾವಣೆಯ ಒಂದು ಪೆಟ್ ಶಾಪಿನಲ್ಲಿ ಹತ್ತು ಕಿಲೋದ ದೊಡ್ಡ ಚೀಲ ಒಡೆದು, ಅರ್ಧ ಕಿಲೋ, ಒಂದು ಕಿಲೋ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಲೂಸ್ ಮಾರುತ್ತಿದ್ದರು. ಕಿಲೋಗೆ 60 ರೂಪಾಯಿ ಉಳಿಯುತ್ತದೆಂದು ನಾನೂ ಎರಡು ತಿಂಗಳು ಕೊಂಡೆ. ಮೂರನೆಯ ಸಲದ ಕಾಳನ್ನು ಅಂಗೈಯಲ್ಲಿ ಪುಡಿಮಾಡಿ ಮೂಸಿದರೆ ಹಳೆಯ ಕರಿದ ಎಣ್ಣೆಯ ಕಮಟು. ಹೊರಮೈಗೆ ಸಿಂಪಡಿಸಿದ ಕೊಬ್ಬು ಗಾಳಿ ತಾಗಿದೊಡನೆ ಕೆಡಲು ತೊಡಗುತ್ತದೆ. ಅದನ್ನು ತಡೆಯಲೆಂದೇ ಕಂಪನಿಗಳು ಇ ಜೀವಸತ್ವದ ಬಗೆಗಳನ್ನು ಬೆರೆಸಿ, ಒಳಪದರವುಳ್ಳ ಚೀಲದಲ್ಲಿ ತುಂಬುತ್ತವೆ. ಲೂಸ್ ಕವರಿನಲ್ಲಿ ತಯಾರಿಕೆಯ ತಾರೀಖೂ ಇರುವುದಿಲ್ಲ, ಯಾವ ಆಹಾರ ಎಂಬುದಕ್ಕೆ ಅಂಗಡಿಯವರ ಬಾಯಿಮಾತೇ ಗತಿ. ಕೇಳಿದರೆ, “ಎಲ್ಲರೂ ಒಯ್ತಾರೆ ಮೇಡಂ, ಯಾರೂ ಕಂಪ್ಲೇಂಟ್ ಮಾಡಿಲ್ಲ” ಎಂಬ ಉತ್ತರ ಬಂತು. ತಿನ್ನುವವರು ಬಂದು ಕಂಪ್ಲೇಂಟ್ ಮಾಡುವ ಪೈಕಿಯಲ್ಲವಲ್ಲ. ಈಗ ಎರಡು ಕಿಲೋಗಿಂತ ದೊಡ್ಡ ಚೀಲ ಕೊಳ್ಳುವುದಿಲ್ಲ. ಚೀಲವನ್ನು ಬಾಯಿ ಮಡಚಿ, ಚೀಲ ಸಮೇತ ಸ್ಟೀಲ್ ಡಬ್ಬದಲ್ಲಿಡುತ್ತೇನೆ.

ಒಣ ಆಹಾರದ ಅತಿ ದೊಡ್ಡ ಕೊರತೆಯನ್ನು ಯಾವ ಬೆಲೆಯ ಪೊಟ್ಟಣವೂ ತುಂಬಲಾರದು: ನೀರು. ಇಲಿಯ ದೇಹದಲ್ಲಿ ಮೂರರಲ್ಲಿ ಎರಡು ಪಾಲು ನೀರು, ಒಣ ಕಾಳಿನಲ್ಲಿ ಶೇಕಡಾ 10ರ ಆಸುಪಾಸು. ಮರಳುಗಾಡಿನ ಕಾಡುಬೆಕ್ಕಿನ ವಂಶದಿಂದ ಬಂದ ಈ ಪ್ರಾಣಿಗೆ ಬಾಯಾರಿಕೆ ಎಂಬುದೇ ಕಡಿಮೆ. ಬೇಟೆಯಿಂದ ಬರುತ್ತಿದ್ದ ನೀರು ತಪ್ಪಿತೆಂದು ಬಟ್ಟಲಿನಿಂದ ಅಷ್ಟನ್ನೂ ಕುಡಿಯುವುದಿಲ್ಲ. ಮೂರನೆಯ ಬೇಸಿಗೆಯಲ್ಲಿ ಕೆಂಚ ಒಂದು ಸಂಜೆ ಮರಳಿನ ತಟ್ಟೆಗೆ ಹತ್ತು ಸಲ ಹೋದ, ಕುಕ್ಕರಗಾಲಲ್ಲಿ ಕುಳಿತ, ಬಂದದ್ದು ಎರಡು ಹನಿ. ಮಲಬದ್ಧತೆ ಎಂದುಕೊಂಡು ಬೆಳಗಿನವರೆಗೆ ಕಾಯುವ ಯೋಚನೆಯಲ್ಲಿದ್ದೆವು. ಮಗಳು ಹಟ ಹಿಡಿದದ್ದರಿಂದ ರಾತ್ರಿಯೇ ಕರೆದೊಯ್ದೆವು. ಮೂತ್ರನಾಳ ಕಟ್ಟಿತ್ತು. ಗಂಡು ಬೆಕ್ಕಿನ ನಾಳ ಸಪೂರವಾದ್ದರಿಂದ ಹರಳಿನ ಪುಡಿಯೇ ಅದನ್ನು ಮುಚ್ಚಬಲ್ಲದು, ಒಂದೆರಡು ದಿನ ತಡವಾದರೆ ಜೀವಕ್ಕೇ ಅಪಾಯ. ನಳಿಕೆ ಹಾಕಿ ಬಿಡಿಸಿದರು. ಸ್ಟ್ರುವೈಟ್ ಎಂಬ ಹರಳನ್ನು ಆಹಾರದಿಂದಲೇ ಕರಗಿಸಬಹುದು, ಕ್ಯಾಲ್ಸಿಯಂ ಆಕ್ಸಲೇಟ್ ಹರಳನ್ನು ಕರಗಿಸಲಾಗದು. 1980ರ ದಶಕದ ನಂತರ ಕಂಪನಿಗಳು ಮೆಗ್ನೀಶಿಯಂ ತಗ್ಗಿಸಿ ಮೂತ್ರ ಆಮ್ಲೀಯವಾಗುವಂತೆ ಆಹಾರವನ್ನು ಬದಲಿಸಿದಾಗ ಮೊದಲನೆಯದು ಇಳಿದು ಎರಡನೆಯದು ಏರಿತು. ಹೀಗಾಗಿ ‘ಮೂತ್ರದ ಆರೋಗ್ಯಕ್ಕೆ’ ಎಂದು ಬರೆದ ಪೊಟ್ಟಣವನ್ನು ಪರೀಕ್ಷೆಯಿಲ್ಲದೆ ತಾನಾಗಿ ಕೊಳ್ಳುವುದು ಸರಿಯಲ್ಲ.

ಹಲ್ಲು ಸ್ವಚ್ಛವಾಗುತ್ತದೆ ಎಂಬ ಮಾತನ್ನೂ ನಾನು ನಂಬುವುದಿಲ್ಲ. ಹಲ್ಲಿಗೆಂದೇ ರೂಪಿಸಿದ ದೊಡ್ಡ ಕಾಳುಗಳನ್ನು ಬಿಟ್ಟರೆ ಉಳಿದವು ಕಚ್ಚಿದೊಡನೆ ಚೂರಾಗುತ್ತವೆ.

ಹೊಸ ಆಹಾರಕ್ಕೆ ಬದಲಿಸುವಾಗ ಏಳರಿಂದ ಹತ್ತು ದಿನ, ಹಳೆಯದರಲ್ಲಿ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು. ಹಸಿದರೆ ತಾನೇ ತಿನ್ನುತ್ತದೆ ಎಂಬ ಹಟ ಬೆಕ್ಕಿನ ಜೊತೆ ನಡೆಯದು. ಕೊಬ್ಬಿದ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಕಾಯಿಲೆ ಬೀಳುತ್ತದೆ.

ಈಗ ನಮ್ಮ ಮನೆಯಲ್ಲಿ ನಿಂತಿರುವ ಕ್ರಮ ಹೀಗಿದೆ. ಹಗಲು ಮೂರು ಹೊತ್ತಿಗೆ ಹಂಚಿ 38 ಗ್ರಾಂ ಫಿಟ್ 32, ರಾತ್ರಿ ಒಂದು ಪೌಚ್ ಒದ್ದೆ ಆಹಾರ. ಪೌಚಿನಲ್ಲಿ ಶೇಕಡಾ 80ರಷ್ಟು ನೀರು ಇರುತ್ತದೆ, ಅದರ ಮೇಲೆ ಇನ್ನೆರಡು ಚಮಚ ಬಿಸಿನೀರನ್ನು ನಾನು ಬೆರೆಸುತ್ತೇನೆ. ಕಾಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ತೂಗುತ್ತೇನೆ, ಏಕೆಂದರೆ 100 ಗ್ರಾಂಗೆ 350ರಿಂದ 400 ಕಿಲೋಕ್ಯಾಲರಿ ಇರುವ ಆಹಾರದಲ್ಲಿ ಒಂದು ಹಿಡಿ ಹೆಚ್ಚಾದರೆ ಎರಡು ಇಲಿ ಹೆಚ್ಚಾದಂತೆ. ಖರ್ಚಿನ ಹೆದರಿಕೆಯೂ ತೂಗಿದ ಮೇಲೆ ತಗ್ಗಿತು: ಕಿಲೋಗೆ 400 ರೂಪಾಯಿಯ ಆಹಾರವನ್ನು ದಿನಕ್ಕೆ 50 ಗ್ರಾಂ ಹಾಕಿದರೆ 20 ರೂಪಾಯಿ, 1,000 ರೂಪಾಯಿಯದಾದರೆ 50. ಕೈಗೆ ಬಂದಷ್ಟು ಸುರಿದು ಇರುವೆಗೆ ಅರ್ಧ ಬಿಡುವುದಕ್ಕಿಂತ ಇದು ವಾಸಿ. ಇರುವೆಗೆ ಉಪಾಯವನ್ನು ಅಮ್ಮ ಹೇಳಿಕೊಟ್ಟರು. ಊರಲ್ಲಿ ತುಪ್ಪದ ಡಬ್ಬಕ್ಕೆ ಮಾಡುತ್ತಿದ್ದಂತೆ ಬಟ್ಟಲನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತೇವೆ.

ಸಸ್ಯಾಹಾರದ ಕ್ಯಾಟ್ ಫುಡ್ ಸಿಗುವುದಿಲ್ಲವೇ ಎಂದು ಅಮ್ಮ ಮೊದಲ ವರ್ಷ ಕೇಳಿದ್ದರು. ಪ್ರಯೋಗಾಲಯದಲ್ಲಿ ತಯಾರಾದ ಟಾರಿನ್ ಬೆರೆಸಿದ ಅಂಥ ಆಹಾರಗಳೂ ಇವೆ. ಕೆಂಚನ ಮೇಲೆ ಆ ಪ್ರಯೋಗ ಮಾಡುವ ಮನಸ್ಸು ನನಗಾಗಲಿಲ್ಲ. ಹೀಗಾಗಿ ಮೀನಿನ ವಾಸನೆಯ ಸ್ಟೀಲ್ ಡಬ್ಬ ಬಾಲ್ಕನಿಯಲ್ಲಿದೆ, ಅದರ ಚಮಚ ಬೇರೆ, ತೊಳೆಯುವ ಸ್ಪಂಜು ಬೇರೆ. ಅಮ್ಮ ಬಂದಾಗ ಡಬ್ಬವನ್ನು ಕೈಯಿಂದ ಮುಟ್ಟುವುದಿಲ್ಲ; ಆದರೆ ಮಧ್ಯಾಹ್ನ ಮೂರಾದೊಡನೆ, “ಅದರ ಹೊತ್ತಾತು, 12 ಗ್ರಾಮು ಹಾಕಿ ಬಾರೆ” ಎಂದು ಮೊಮ್ಮಗಳನ್ನು ಎಬ್ಬಿಸುತ್ತಾರೆ.